ಕಣದ ಹಳಿ

ಸುಂಟಿಕೊಪ್ಪ ದಾಟಿ ಬಸ್ಸು ಏರುತ್ತಿದ್ದಾಗ
ಪೂವಿ ಕೇಳಿದಳು: ಮಡಿಕೇರಿಯ ಸ್ಟೇಷನ್ನು ದೊಡ್ಡದಾ?
ಎಷ್ಟು ಪ್ಲಾಟ್‌ಫಾರ್ಮು?
ಮುಂದಿನ ಸೀಟಿನಾತ ತಿರುಗಿ ನೋಡಿದ.
ಇಲ್ಲಿಗೆ ರೈಲಿಲ್ಲ ಮಗಳೇ, ಅಂದೆ,
ಮನೆಯಲ್ಲಿ ಉಪ್ಪು ಮುಗಿದಿದೆ ಅನ್ನುವ ಹಾಗೆ.
ಅವಳು ನಂಬಲಿಲ್ಲ.
ನಾಪೋಕ್ಲಿನ ತನಕ ಕಿಟಕಿಗೆ ಹಣೆಯಿಟ್ಟು
ಹಳಿ ಹುಡುಕಿದಳು.

ಗೆಂಟ್‌ನಲ್ಲಿ ಹುಟ್ಟಿದವಳು. ಈಗ ಆರು.
ನಡೆಯಲು ಕಲಿಯುವ ಮೊದಲೇ ನಾಲ್ಕು ಗಡಿ ದಾಟಿದವಳು.
ಅವಳಪ್ಪ ಉತ್ತಯ್ಯ ಅಲ್ಲಿಯ ಮಕ್ಕಳಿಗೆ ಹಾಕಿ ಕಲಿಸುತ್ತಾನೆ,
ನನಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ.
ಹಾಗಾಗಿ ನಾವು ಕಂಡದ್ದು
ಎರಡು ಮ್ಯಾಚುಗಳ ನಡುವೆ ಉಳಿದ ಯುರೋಪು:
ಕೊಲೋನಿನ ಚರ್ಚು, ಹೊರಗಿನಿಂದ;
ಒಂದು ನದಿ, ಹೆಸರು ಕೇಳುವುದರೊಳಗೆ ಸೇತುವೆ ಮುಗಿದಿತ್ತು;
ಊರೂರಿನ ಹಸಿರು ಮೈದಾನ, ಎಲ್ಲ ಒಂದೇ ಹಸಿರು,
ಅಂಚಿನಲ್ಲಿ ಗೋಲಿಯ ಪ್ಯಾಡುಗಳ ಮೇಲೆ ನಿದ್ದೆಹೋದ ಪೂವಿ.

ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ
ಅಕ್ಕಿತರಿಯ ಕಡುಬು ಬೇಯಿಸಿದ್ದೇನೆ.
ಸ್ಪೇನಿನ ಹುಡುಗನೊಬ್ಬ ಮೂರು ತಿಂದು
ಇದು ಮೋಡವಾ, ಎಂದು ಕೈಸನ್ನೆಯಲ್ಲಿ ಕೇಳಿದ.
ವಿಮಾನ ನಿಲ್ದಾಣದಲ್ಲಿ ಕಾಚಂಪುಳಿಯ ಬಾಟಲಿ ಹಿಡಿದು
ಮೂವರು ಪೊಲೀಸರು ಒಬ್ಬೊಬ್ಬರಾಗಿ ಮೂಸಿದರು.
ಟಾರಿಗಿಂತ ಕಪ್ಪು, ಏನೆಂದು ಹೇಳಲಿ?
ಹಣ್ಣು, ಅಂದೆ. ಹುಳಿ, ಅಂದ ಉತ್ತಯ್ಯ.
ಹಂದಿ, ಅಂದಳು ಪೂವಿ.
ಬಾಟಲಿ ಅಲ್ಲೇ ಉಳಿಯಿತು.

ಬಾಸೆಲ್‌ನಲ್ಲಿ ರೈಲು ತಪ್ಪಿದ ರಾತ್ರಿ
ಮಗುವಿಗೆ ಜ್ವರ.
ಬೆಂಚಿನ ಮೇಲೆ ನಾವಿಬ್ಬರೂ ಪಿಸುಧ್ವನಿಯಲ್ಲಿ ಜಗಳವಾಡಿದೆವು,
ಯಾರ ತಪ್ಪು, ಯಾರ ಗಡಿಯಾರ,
ಯಾರ ಆಸೆಗೆ ಇಷ್ಟು ದೂರ.
ಬೆಳಗಿನ ಮೊದಲ ಗಾಡಿಯಲ್ಲಿ
ಟಿಕೆಟು ನೋಡುವ ದಪ್ಪ ಮೀಸೆಯವನಿಗೆ
ಪೂವಿ ತನ್ನ ಬಿಸ್ಕತ್ತಿನ ಕಾಗದ ಚಾಚಿದಳು.
ಅವನು ಕನ್ನಡಕ ಸರಿಮಾಡಿಕೊಂಡು, ತಿರುಗಿಸಿ ನೋಡಿ,
ಕಟ್ ಎಂದು ತೂತು ಹೊಡೆದು
ಸೆಲ್ಯೂಟ್ ಹೊಡೆದ.
ಆ ಕಾಗದ ಇನ್ನೂ ನನ್ನ ಪಾಸ್‌ಪೋರ್ಟಿನೊಳಗಿದೆ.

ತವರಲ್ಲಿ ಈಗ ಕಾಫಿ ಕೊಯ್ಲು.
ಅಂಗಳದ ಮುಂದಿನ ಕಣದಲ್ಲಿ
ಹಣ್ಣು ಕಪ್ಪಾಗುತ್ತ ಒಣಗುತ್ತಿದೆ.
ಅಣ್ಣ ಮಾದಪ್ಪ ಹಲ್ಲಿನ ಹಲಗೆ ಹಿಡಿದು
ಆ ತುದಿಯಿಂದ ಈ ತುದಿಗೆ ಎಳೆದ.
ಹಿಂದೆ ಬಿದ್ದವು ನೇರ ಗೆರೆಗಳು,
ಜೋಡಿ ಜೋಡಿ.

ಪೂವಿ ಚಪ್ಪಲಿ ಬಿಟ್ಟು ಕೂಗಿದಳು.
ರೈಲಿದೆ! ಇಲ್ಲೇ ಇದೆ! ನೀನು ಸುಳ್ಳಿ!

ಆಮೇಲೆ ಇಡೀ ಮಧ್ಯಾಹ್ನ
ಬಾವಿ ಒಂದು ಸ್ಟೇಷನ್ನು, ಹಂದಿಗೂಡು ಇನ್ನೊಂದು,
ಸೌದೆಕೊಟ್ಟಿಗೆಯಲ್ಲಿ ಗಾಡಿ ಬದಲಿಸಬೇಕು.
ಅಣ್ಣನ ಮಕ್ಕಳು ಬಿದ್ದಪ್ಪ, ಚೋಂದವ್ವ
ಒಬ್ಬರ ಸೊಂಟ ಒಬ್ಬರು ಹಿಡಿದು ಹೊರಟರು.
ಅವಳ ಘೋಷಣೆ ಫ್ಲೆಮಿಶ್‌ನಲ್ಲಿ,
ಅವರ ಜಗಳ ಕೊಡವದಲ್ಲಿ.
ಯಾರಿಗೂ ಏನೂ ಅಡ್ಡಿಯಾಗಲಿಲ್ಲ.
ಹಣ್ಣು ತುಳಿದದ್ದಕ್ಕೆ ಮಾದಪ್ಪ ಬೈದ,
ಬೈದು, ತಾನೇ ಮತ್ತೆ ಹಳಿ ಎಳೆದುಕೊಟ್ಟ.

ಉತ್ತಯ್ಯ ಒಳಗೆ ಮಲಗಿದ್ದ.
ಜೂನಿಗೆ ಅವನ ಕರಾರು ಮುಗಿಯುತ್ತದೆ.
ಆಮೇಲೆ ಎಲ್ಲಿ ಅನ್ನುವುದು
ನಾವಿಬ್ಬರೂ ಬೀಗ ತೆಗೆಯದ ಸೂಟ್‌ಕೇಸು,
ಕೋಣೆಯಿಂದ ಕೋಣೆಗೆ ಎತ್ತಿಡುತ್ತೇವೆ, ಅಷ್ಟೇ.

ಅಮ್ಮಾ, ಟಿಕೆಟ್.
ಮುಂದೆ ನಿಂತಿದ್ದಳು, ಮಾವನ ಟೋಪಿ ಮೂಗಿನವರೆಗೆ.
ಜಗಲಿಯ ಮೇಲೆ ಬಿದ್ದಿದ್ದ ಕಾಫಿ ಎಲೆ ಎತ್ತಿಕೊಟ್ಟೆ.
ಎಲ್ಲಿಗೆ?
ನೋಡೋಣ, ಅಂದೆ.
ಹಾಗೊಂದು ಊರಿಲ್ಲ, ಅಂದಳು.
ಎಲೆಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ,
ಹುಳು ತಿಂದ ತೂತಿನಿಂದ ನನ್ನನ್ನು ನೋಡಿದಳು:
ಇದು ಆಗಲೇ ಪಂಚ್ ಆಗಿದೆ.
ನೀನು ಇದರಲ್ಲಿ ಹೋಗಿ ಬಂದಾಯ್ತು, ಅಮ್ಮಾ.
ಬೇರೆ ತಾ.

ಎದ್ದೆ.
ಕಣದ ಅಂಚಿನಲ್ಲೇ, ಹಳಿ ತುಳಿಯದ ಹಾಗೆ,
ಗಿಡಗಳ ಕಡೆಗೆ ಹೊರಟೆ.